ಕನ್ನಂಬಾಡಿ ಹಿನ್ನೀರಿನಲ್ಲಿ ಅಲ್ಯೂಮಿನಿಯಂ ದೋಣಿ, ಫೈಬರ್ ದೋಣಿ: ನನ್ನ ಅನುಭವ

ನಮ್ಮಪ್ಪ ಕೊನೇವರೆಗೂ ಹರಿಗೋಲಿನಲ್ಲೇ ಮೀನು ಹಿಡಿದವರು. ನಾನು ಸಾಗರಕಟ್ಟೆ ಕಡೆಯ ಹಿನ್ನೀರಿನಲ್ಲಿ ಬಲೆ ಬಿಡುತ್ತೇನೆ. ಹನ್ನೆರಡು ವರ್ಷದಲ್ಲಿ ಮೊದಲು ಒಂದು ಫೈಬರ್ ದೋಣಿ, ಆಮೇಲೆ ಒಂದು ಅಲ್ಯೂಮಿನಿಯಂ ದೋಣಿ ಓಡಿಸಿದೆ. ಈಗ ಮತ್ತೆ ಫೈಬರ್‌ಗೇ ಬಂದಿದ್ದೇನೆ. ಯಾವುದು ತಗೊಳ್ಳಲಿ ಅಂತ ಹುಡುಗರು ಕೇಳ್ತಾನೇ ಇರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ನೀರಿನ ವಿಷಯ. ಕೆಆರ್‌ಎಸ್ ತುಂಬಿದರೆ 124.80 ಅಡಿ. ಬೇಸಿಗೆಯಲ್ಲಿ ತೊಂಬತ್ತು ಅಡಿಗಿಂತ ಕೆಳಗೆ ಹೋದ ವರ್ಷಗಳೂ ಇವೆ. ನೀರು ಇಳಿದಂತೆ ಕಲ್ಲು, ಮರದ ಬೊಡ್ಡೆ, ಹಳೇ ಗೋಡೆ ಎಲ್ಲಾ ಮೇಲೆ ಬರುತ್ತವೆ. ಇವತ್ತು ದೋಣಿ ಸಲೀಸಾಗಿ ಹೋದ ಕಡೆ ಹದಿನೈದು ದಿನ ಬಿಟ್ಟು ಹೋದರೆ ತಳ ತಾಗುತ್ತದೆ. ಹಾಗಾಗಿ ಇಲ್ಲಿ ದೋಣಿ ಕೆಡುವುದು ತಳದಿಂದಲೇ.

ನನ್ನ ಮೊದಲ ಫೈಬರ್ ದೋಣಿಯೂ ಹೀಗೇ ಹೋಯಿತು. ಹನ್ನೆರಡು ಅಡಿ, ತೂಕ ನೂರು ಕೆಜಿ ಹತ್ತಿರ. ಒಂದು ಏಪ್ರಿಲ್ ಬೆಳಗಿನ ಜಾವ ಬೊಡ್ಡೆಗೆ ಬಡಿದು ಅಂಗೈ ಅಗಲ ಸೀಳಿತು. ಬಲೆಯಲ್ಲಿದ್ದ ಜಿಲೇಬಿ ಮೀನನ್ನು ಬಿಟ್ಟು ನೀರು ಮೊಗೆಯುತ್ತಾ ದಡಕ್ಕೆ ಬಂದೆ. ಆ ಸಿಟ್ಟಿನಲ್ಲೇ ಅಲ್ಯೂಮಿನಿಯಂ ಮಾಡಿಸಿದ್ದು.

ಹೊಸತರಲ್ಲಿ ಬಹಳ ಖುಷಿಯಾಯಿತು. ಅರವತ್ತು ಕೆಜಿ ಇತ್ತು ಅಷ್ಟೆ. ಇಬ್ಬರು ಹಿಡಿದರೆ ದಡಕ್ಕೆ ಎತ್ತಿಡಬಹುದು. ಸುಮ್ನೆ ನೋಡಿದರೆ ಲೋಹದ್ದೇ ಭಾರ ಇರಬೇಕು ಅನಿಸುತ್ತದೆ, ಅಲ್ವಾ? ಆದರೆ ಅಲ್ಯೂಮಿನಿಯಂ ಹಾಳೆ ಎರಡು ಮಿಲಿಮೀಟರ್ ಇದ್ದರೆ ಸಾಕು. ಫೈಬರ್ ಅದೇ ಗಟ್ಟಿ ಬರಬೇಕಾದರೆ ಐದಾರು ಮಿಲಿಮೀಟರ್ ದಪ್ಪ ಬೇಕು. ಅದಕ್ಕೇ ತೂಕ ಜಾಸ್ತಿ. ಕಲ್ಲಿಗೆ ಬಡಿದರೆ ಅಲ್ಯೂಮಿನಿಯಂ ತಗ್ಗುತ್ತದೆ, ಸೀಳುವುದಿಲ್ಲ. ಎರಡು ಬೇಸಿಗೆ ಕಲ್ಲಿನ ಮೇಲೇ ಓಡಿಸಿದೆ. ತಳದ ತುಂಬಾ ತಗ್ಗು ಬಿದ್ದಿತ್ತು, ಒಂದು ಹನಿ ನೀರು ಒಳಗೆ ಬರಲಿಲ್ಲ.

ಸದ್ದು ಮಾತ್ರ ತಡೆಯೋಕಾಗಲ್ಲ. ಹುಟ್ಟು ತಾಗಿದರೂ ಢಣ್ ಅನ್ನುತ್ತದೆ. ಭಾವ ಮೊದಲ ದಿನವೇ ಹೇಳಿದ್ದರು, "ಏನ್ಲಾ ಇದು, ಡಬ್ಬ ಬಡ್ದಂಗೆ ಆಯ್ತದೆ, ಮೀನು ನಿಂತದಾ?" ಅಂತ. ಗಾಳಿ ಎದ್ದರೆ ಇನ್ನೊಂದು ಕಷ್ಟ. ಹಗುರ ದೋಣಿ ನಿಂತ ಕಡೆ ನಿಲ್ಲುವುದಿಲ್ಲ. ಒಬ್ಬ ಬಲೆ ಎಳೆಯುತ್ತಿದ್ದರೆ ಇನ್ನೊಬ್ಬ ಹುಟ್ಟು ಹಾಕುತ್ತಲೇ ಇರಬೇಕು.

ಬಿಸಿಲಿಗೆ ತಳ ಕಾದು ಕಾಲಿಡೋಕಾಗುತ್ತಿರಲಿಲ್ಲ. ಮೀನೂ ಬೇಗ ಮೆತ್ತಗಾಗುತ್ತಿತ್ತು. ಅದಕ್ಕೆ ಒದ್ದೆ ಗೋಣಿಚೀಲ ಹಾಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಮೂರನೇ ವರ್ಷ ಚೀಲ ಕಿತ್ತು ನೋಡಿದರೆ ಅಡಿಯಲ್ಲಿ ಸುಣ್ಣದ ಹಾಗೆ ಬಿಳೀ ಪುಡಿ. ಒರೆಸಿದೆ. ಹಾಳೆಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು. ಅಲ್ಯೂಮಿನಿಯಂಗೆ ಗಾಳಿ ತಾಗುತ್ತಿದ್ದರೆ ಮೇಲೊಂದು ತೆಳು ಪದರ ಕಟ್ಟಿಕೊಂಡು ಅದನ್ನು ಕಾಯುತ್ತದೆ. ಒದ್ದೆ ಚೀಲ ಸದಾ ಅಂಟಿಕೊಂಡಿದ್ದರೆ ಆ ಪದರ ನಿಲ್ಲುವುದಿಲ್ಲ. ಸೀಟಿಗೆ ಹಾಕಿದ್ದ ಕಬ್ಬಿಣದ ಬೋಲ್ಟ್ ಸುತ್ತಲೂ ಅದೇ ಕಥೆ. ಬೇರೆ ಲೋಹ ತಾಗಿ, ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮಾಡಿಕೊಟ್ಟವರು ಇದನ್ನು ಹೇಳಿರಲಿಲ್ಲ. ಯಾವ ಹಾಳೆ ಅಂತ ನಾನೂ ಕೇಳಿರಲಿಲ್ಲ. ನೀವು ಮಾಡಿಸುವುದಾದರೆ 5052 ಇಲ್ಲವೇ 5083 ನಂಬರಿನ ಹಾಳೆಯೇ ಬೇಕು ಅಂತ ಪಟ್ಟು ಹಿಡಿಯಿರಿ. ಬೋಲ್ಟಿಗೆಲ್ಲಾ ರಬ್ಬರ್ ವಾಷರ್ ಹಾಕಿಸಿ.

ಕೊನೆಗೆ ಒಂದು ಜಾಯಿಂಟ್ ಕೂದಲೆಳೆಯಷ್ಟು ಬಿಟ್ಟಿತು. ಇದಕ್ಕೆ ಆರ್ಗಾನ್ ವೆಲ್ಡಿಂಗೇ ಆಗಬೇಕು, ಅದೂ ತೆಳು ಹಾಳೆಗೆ ಕೈ ಪಳಗಿದವರೇ ಬೇಕು. ನಮ್ಮೂರಿನ ಸುತ್ತಮುತ್ತ ಯಾರೂ ಸಿಗಲಿಲ್ಲ. ಲಗೇಜ್ ಆಟೋದಲ್ಲಿ ಹಾಕಿಕೊಂಡು ಮೈಸೂರಿಗೆ ಹೋದೆ. ಐದು ದಿನ ಬಲೆ ದಡದಲ್ಲೇ ಒಣಗಿತು. ಬೊಡ್ಡೆಗೆ ಬಡಿದಾಗಲೂ ಅಷ್ಟು ಸಂಕಟ ಆಗಿರಲಿಲ್ಲ.

ಫೈಬರ್ ಆದರೆ ದಡದಲ್ಲೇ ನಾನೇ ಸರಿ ಮಾಡಿಕೊಳ್ಳುತ್ತೇನೆ. ಸೀಳಿನ ಸುತ್ತ ಒಂದು ಗೇಣು ಜಾಗವನ್ನು ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಬೇಕು. ಪೂರ್ತಿ ಒಣಗಿರಬೇಕು, ಪಸೆ ಇದ್ದರೆ ತೇಪೆ ಕಚ್ಚುವುದಿಲ್ಲ. ಒಂದು ಕೆಜಿ ಪಾಲಿಯೆಸ್ಟರ್ ರೆಸಿನ್‌ಗೆ (ಫೈಬರ್ ಕಟ್ಟುವ ಅಂಟು ದ್ರವ) ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಹತ್ತರಿಂದ ಇಪ್ಪತ್ತು ಎಂಎಲ್ ಸಾಕು. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಸುರಿದರೆ ಮಗ್ಗಿನಲ್ಲೇ ಕಾದು ಹೊಗೆ ಬರುತ್ತದೆ. ಮೊದಲು ಸಣ್ಣ ಮ್ಯಾಟ್ (ಗಾಜಿನ ನಾರಿನ ಹಾಸು), ಅದರ ಮೇಲೆ ದೊಡ್ಡದು, ಹೀಗೆ ಮೂರು ಪದರ. ಬ್ರಷ್‌ನಲ್ಲಿ ಕುಟ್ಟಿ ಕುಟ್ಟಿ ಗಾಳಿ ಗುಳ್ಳೆ ತೆಗೆಯಬೇಕು. ಬಿಳಿ ಮ್ಯಾಟ್ ರೆಸಿನ್ ಕುಡಿದು ಗಾಜಿನ ಹಾಗೆ ತಿಳಿಯಾದರೆ ಕೆಲಸ ಸರಿಯಾಯಿತು ಅಂತ ಅರ್ಥ. ಎಲ್ಲಾದರೂ ಬೆಳ್ಳಗೇ ಉಳಿದಿದ್ದರೆ ಅಲ್ಲಿ ನೀರು ಜಿನುಗುತ್ತದೆ. ಸಂಜೆ ಹಾಕಿದರೆ ಮಾರನೇ ದಿನ ನೀರಿಗೆ ಇಳಿಸಬಹುದು. ಒಂದು ಎಚ್ಚರಿಕೆ: ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರವ ಬೇರೆ ಡಬ್ಬಿಯಲ್ಲಿ ಬಂದರೆ ಅದನ್ನು ಮೊದಲು ರೆಸಿನ್‌ಗೆ ಕಲಸಿ, ಆಮೇಲೆ ಹಾರ್ಡ್‌ನರ್ ಹಾಕಿ. ಅವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಉಜ್ಜುವಾಗ ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಇರಲಿ. ಆ ಪುಡಿ ಮೈಗೆ ಹತ್ತಿದರೆ ರಾತ್ರಿಯೆಲ್ಲಾ ತುರಿಕೆ.

ಬೆಲೆ ಬಗ್ಗೆ ಹೇಳುವುದು ಇಷ್ಟೇ: ಆಗ ನನಗೆ ಅಲ್ಯೂಮಿನಿಯಂ ಜಾಸ್ತಿ ಬಿತ್ತು. ಮಾರುವಾಗಲೂ ಹೆಚ್ಚು ಬೆಲೆ ಬಂದಿದ್ದು ಅದಕ್ಕೇ.

ಯಾವುದೇ ತಗೊಳ್ಳಿ, ಸೀಟಿನ ಕೆಳಗೆ ಫೋಮ್ ತುಂಬಿಸಿ ಮುಚ್ಚಿಸಿ. ಹರಿಗೋಲಿನ ಬಿದಿರು ತಾನೇ ತೇಲುತ್ತದೆ. ಇವೆರಡೂ ನೀರು ತುಂಬಿದರೆ ಮುಳುಗುತ್ತವೆ. ಲೈಫ್ ಜಾಕೆಟ್ ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಹಾಕಿಕೊಳ್ಳಿ.

ಈಗಿನ ಫೈಬರ್ ದೋಣಿಗೆ ತಳದ ನಡುವೆ ಉದ್ದಕ್ಕೂ ನಾಲ್ಕು ಪದರ ಮ್ಯಾಟ್ ಹೆಚ್ಚಿಗೆ ಹಾಕಿಸಿದ್ದೇನೆ. ಹದಿನೈದು ಕೆಜಿ ಭಾರ ಜಾಸ್ತಿಯಾಯಿತು, ಗಾಳಿಗೆ ಅದೇ ಒಳ್ಳೆಯದಾಯಿತು. ಅಲ್ಯೂಮಿನಿಯಂ ದೋಣಿಯನ್ನು ಕೊಂಡಿದ್ದು ಭಾವನೇ. ಡಬ್ಬ ಅಂದಿದ್ದ ಅವರೇ ಈಗ ಬೇಸಿಗೆಯಲ್ಲಿ ಕಲ್ಲಿನ ದಡಕ್ಕೆ ಅದು ಬಿಟ್ಟು ಬೇರೆ ಇಳಿಸುವುದಿಲ್ಲ. ಗೋಣಿಚೀಲದ ಜಾಗದಲ್ಲಿ ರಬ್ಬರ್ ಚಾಪೆ ಬಂದಿದೆ. ದಿನಾ ಮೀನು ಇಳಿಸಿದ ಮೇಲೆ ಚಾಪೆ ಎತ್ತಿ ಬೇಲಿ ಮೇಲೆ ಹಾಕಿ, ದೋಣಿಯನ್ನು ಬೋರಲು ಹಾಕಿಯೇ ಮನೆಗೆ ಹೋಗುತ್ತಾರೆ.