ನೋಟ್‌ಬುಕ್ ಇಟ್ಟುಕೊಂಡು ‘ದಿ ಫ್ಲ್ಯಾಶ್’ ನೋಡಿ

‘ದಿ ಫ್ಲ್ಯಾಶ್’ ಅಮೆರಿಕದ ಸೂಪರ್‌ಹೀರೋ ಸೀರಿಯಲ್. ನಾಯಕ ಬ್ಯಾರಿ ಅಲೆನ್ ಎಷ್ಟು ಜೋರಾಗಿ ಓಡುತ್ತಾನೆಂದರೆ ಹಿಂದಿನ ಕಾಲಕ್ಕೂ ಹೋಗಬಲ್ಲ. ಸುಮ್ನೆ ಕೂತು ನೋಡಿದರೆ ಎರಡು ಸೀಸನ್ ಮುಗಿಯುವಷ್ಟರಲ್ಲಿ ತಲೆ ಗಿರ್ರನೆ ತಿರುಗುತ್ತದೆ. ಧಾರವಾಡದ ನಮ್ಮ ಮನೆಯಲ್ಲಿ ಅಣ್ಣನ ಮಗಳ ಜೊತೆ ನೋಡುವಾಗ ಕಂಡುಕೊಂಡ ದಾರಿ ಇದು. ಒಂದು ನೋಟ್‌ಬುಕ್, ಪೆನ್ಸಿಲ್, ಕೆಂಪು ಪೆನ್ನು ಇದ್ದರೆ ಸಾಕು.

ಮೊದಲು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡತುದಿಯಲ್ಲಿ 2000, ಮಾರ್ಚ್ 18 ಎಂದು ಬರೆಯಿರಿ. ಹನ್ನೊಂದು ವರ್ಷದ ಬ್ಯಾರಿಯ ತಾಯಿ ನೋರಾ ಕೊಲೆಯಾದ ರಾತ್ರಿ ಅದು. ಕತೆ ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

ಯಾರಾದರೂ ಹಿಂದಿನ ಕಾಲಕ್ಕೆ ಹೋಗಿ ಏನನ್ನಾದರೂ ಬದಲಿಸಿದರೆ ಅಲ್ಲಿಂದ ಕವಲು ಎಳೆಯಿರಿ. ಹುಬ್ಬಳ್ಳಿ ಜಂಕ್ಷನ್ ನೆನಪಿಸಿಕೊಳ್ಳಿ. ಒಂದು ಹಳಿ ಗದಗಿನತ್ತ, ಇನ್ನೊಂದು ಹಾವೇರಿಯತ್ತ. ಗದಗಿನ ಗಾಡಿ ಹತ್ತಿದವರಿಗೆ ದಾರಿಯಲ್ಲಿ ಹಾವೇರಿ ಸಿಗುವುದಿಲ್ಲ. 2016ರಲ್ಲಿ ಶುರುವಾದ ಮೂರನೇ ಸೀಸನ್‌ನ ‘ಫ್ಲ್ಯಾಶ್‌ಪಾಯಿಂಟ್’, ಅಂದರೆ ಬ್ಯಾರಿ ಹಿಂದಿನದನ್ನು ಬದಲಿಸಿದಾಗ ಹುಟ್ಟುವ ಬೇರೆ ಕಾಲ, ಇಂಥದೇ ಕವಲು.

ಎಲ್ಲ ಗಂಟೂ ಕವಲಿನಿಂದ ಬಿಚ್ಚುವುದಿಲ್ಲ. ಮೊದಲ ಸೀಸನ್ ಕೊನೆಯಲ್ಲಿ ಎಡ್ಡಿ ಥಾನ್ ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಮುಂದೆ ಅವನ ವಂಶದಲ್ಲಿ ಹುಟ್ಟಿ, ಹಿಂದಿನ ಕಾಲಕ್ಕೆ ಬಂದು ನೋರಾಳನ್ನು ಕೊಂದ ಇಯೊಬಾರ್ಡ್ ಕಣ್ಣೆದುರೇ ಮಾಯವಾಗುತ್ತಾನೆ. “ಅತ್ತಿ, ಅವ ಹುಟ್ಟೇ ಇಲ್ಲಂದ್ರ ನೋರಾನ್ನ ಕೊಂದವ್ರು ಯಾರು?” ಎಂದಳು ಹುಡುಗಿ. ಸರಿಯಾದ ಪ್ರಶ್ನೆ, ಅಲ್ವಾ? ಅಜ್ಜನನ್ನು ಕೊಂದರೆ ಮೊಮ್ಮಗ ಹುಟ್ಟುವುದು ಹೇಗೆ ಅನ್ನುವ ಹಳೇ ಒಗಟು ಇದು. ಸೀರಿಯಲ್ ಮುಂದೆ ಕೊಡುವ ವಿವರಣೆ ನನಗಂತೂ ಪೂರ್ತಿ ಒಪ್ಪಿಗೆಯಾಗಿಲ್ಲ. ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗಿ. ಮೂರನೇ ಸೀಸನ್‌ನ ಖಳ ಸವಿತಾರ್ ಬಂದಾಗ ಗೆರೆ ಬಿಟ್ಟು ಸುತ್ತು ಹಾಕಿ, ಅವನ ಹುಟ್ಟಿಗೆ ಅವನೇ ಕಾರಣ.

ಈಗ ಕೆಂಪು ಪೆನ್ನು. ಪ್ರತಿ ತಿರುವಿನ ಕೆಳಗೆ ಯಾರು ಏನು ಕಳೆದುಕೊಂಡರು ಎಂದು ಬರೆಯಿರಿ. ಬ್ಯಾರಿಯ ಸ್ವಭಾವ ತಿಳಿಯುವುದು ಇಲ್ಲೇ. ಮೊದಲ ಸೀಸನ್‌ನಲ್ಲಿ ಅವನು ಆ ರಾತ್ರಿಗೇ ಓಡಿಹೋಗುತ್ತಾನೆ. ಅಲ್ಲಿದ್ದ ಇನ್ನೊಬ್ಬ ಬ್ಯಾರಿ, ಮುಂದಿನ ಕಾಲದಿಂದ ಬಂದವನು, ಬೇಡ ಎಂದು ಕೈ ಮಾಡುತ್ತಾನೆ. ಇವನು ಬಾಗಿಲ ಹಿಂದೆ ನಿಂತುಬಿಡುತ್ತಾನೆ. ಆಮೇಲೆ ಮುಖವಾಡ ತೆಗೆದು, ಸಾಯುತ್ತಿರುವ ತಾಯಿಯ ಪಕ್ಕ ಕೂರುತ್ತಾನೆ. ಎರಡನೇ ಸೀಸನ್ ಕೊನೆಗೆ ತಂದೆಯೂ ಕೊಲೆಯಾದಾಗ ಮತ್ತೆ ಓಡುತ್ತಾನೆ. ಈ ಸಲ ನಿಲ್ಲುವುದಿಲ್ಲ, ತಾಯಿಯನ್ನು ಉಳಿಸುತ್ತಾನೆ. ಕೊನೆಗೆ ಅದನ್ನು ತಾನೇ ರದ್ದು ಮಾಡಿ ವಾಪಸ್ ಬಂದರೆ, ಗೆಳೆಯ ಸಿಸ್ಕೊನ ಅಣ್ಣ ಡಾಂಟೆ ಸತ್ತಿರುತ್ತಾನೆ.

ಹುಡುಗಿ ‘ಡಾಂಟೆ’ ಎಂದು ಒತ್ತಿ ಬರೆದಳು, ಅಕ್ಷರ ಮುಂದಿನ ಪುಟದಲ್ಲೂ ಮೂಡಿತು. ಸ್ವಲ್ಪ ಹೊತ್ತು ನೋಡಿ, ಮೊದಲ ಸೀಸನ್‌ನ ಪುಟಕ್ಕೆ ತಿರುಗಿಸಿದಳು. ಬಾಗಿಲ ಹಿಂದೆ ನಿಂತ ಬ್ಯಾರಿಯ ಕೆಳಗೆ ಏನೂ ಬರೆದಿರಲಿಲ್ಲ. ಅಲ್ಲಿ ‘ಅವ್ವ’ ಎಂದು ಬರೆದಳು.