ಗರ್ವ, ಸ್ವಾರ್ಥ, ಕೊಲೆ: ಹಳಗನ್ನಡ ಕಾವ್ಯಗಳಲ್ಲಿ ಪಾತ್ರದೋಷವನ್ನು ವಿಮರ್ಶಿಸುವ ಬಗೆ

ಪಾತ್ರವಿಮರ್ಶೆ ಬರೆಯಲು ಕುಳಿತವರ ಕೈಗೆ ಮೊದಲು ಸಿಗುವುದು ಗುಣವಾಚಕಗಳು. ದುರ್ಯೋಧನ ಅಹಂಕಾರಿ, ಚಂಡಶಾಸನ ಸ್ವಾರ್ಥಿ, ಅಶ್ವತ್ಥಾಮ ಕೊಲೆಗಡುಕ ಎಂದು ಮೂರು ವಾಕ್ಯ ಬರೆದು ಮುಗಿಸಿದ ಉತ್ತರಗಳನ್ನು ಕನ್ನಡ ಪಾಠ ಹೇಳುವ ನಾನು ಅನೇಕ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಆ ವಾಕ್ಯಗಳಲ್ಲಿ ಸುಳ್ಳಿರುವುದಿಲ್ಲ, ಆದರೆ ಅವನ್ನು ಬರೆಯಲು ಕಾವ್ಯವನ್ನು ತೆರೆಯಬೇಕಾದ ಅಗತ್ಯವೂ ಇರುವುದಿಲ್ಲ. ಪಂಪ, ರನ್ನ, ನಾಗಚಂದ್ರ, ಜನ್ನ ಈ ನಾಲ್ವರೂ ದೋಷವುಳ್ಳ ಪಾತ್ರಗಳ ಮೇಲೆ ತಮ್ಮ ಅತ್ಯುತ್ತಮ ಪದ್ಯಗಳನ್ನು ಸುರಿದಿದ್ದಾರೆ. ಆ ಪದ್ಯಗಳಿಗೆ ನ್ಯಾಯ ಸಲ್ಲುವಂತೆ ವಿಮರ್ಶೆ ಬರೆಯಬೇಕೆನ್ನುವವರಿಗೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪದದ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದದಲ್ಲಿ ಚರ್ಚಿಸುವ ‘ದೋಷ’ ರಚನೆಯಲ್ಲಿ ಬರುವ ದೋಷ, ಪಾತ್ರದ ಸ್ವಭಾವಕ್ಕೆ ಸಂಬಂಧಿಸಿದ್ದಲ್ಲ. ಗ್ರೀಕ್ ದುರಂತ ನಾಟಕಗಳನ್ನು ಕುರಿತು ಅರಿಸ್ಟಾಟಲ್ ಬಳಸಿದ ‘ಹಮಾರ್ಟಿಯ’ ಎಂಬ ಮಾತಿಗೂ ಸ್ವಭಾವದ ಕೊಳೆ ಎಂಬುದಕ್ಕಿಂತ ಗುರಿ ತಪ್ಪುವುದು, ಎಡವುವುದು ಎಂಬ ಅರ್ಥವೇ ಹೆಚ್ಚು ಹತ್ತಿರದ್ದು. ನಮ್ಮ ಅರಿಷಡ್ವರ್ಗದ ಪಟ್ಟಿಯಲ್ಲಿ ಮದವಿದೆ, ಲೋಭವಿದೆ, ಕೊಲೆಯಿಲ್ಲ. ಅದು ಇಲ್ಲದಿರುವುದಕ್ಕೆ ಕಾರಣವಿದೆ: ಗರ್ವ ಮತ್ತು ಸ್ವಾರ್ಥ ಒಳಗಿನ ಭಾವಗಳು, ಕೊಲೆ ಕೈಯಿಂದ ನಡೆಯುವ ಕ್ರಿಯೆ. ಆದ್ದರಿಂದ ಈ ಮೂರನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ.

ಕಾವ್ಯದೊಳಕ್ಕೆ ಹೋದ ಮೇಲೆ ಹುಡುಕಬೇಕಾದದ್ದು ಒಂದೇ ಜಾಗವನ್ನು: ಪಾತ್ರಕ್ಕೆ ಬೇರೊಂದು ದಾರಿ ತೆರೆದಿದ್ದ ಜಾಗವನ್ನು. ರನ್ನನ ಗದಾಯುದ್ಧದಲ್ಲಿ ಅದು ಶರಶಯ್ಯೆಯ ಬಳಿ ಸಿಗುತ್ತದೆ. ತಮ್ಮಂದಿರು, ಮಗ, ಕರ್ಣ ಎಲ್ಲರೂ ಸತ್ತ ಮೇಲೆ ಭೀಷ್ಮನು ಸಂಧಿ ಮಾಡಿಕೊಳ್ಳೆಂದು ಹೇಳುತ್ತಾನೆ. ಒಪ್ಪಿದರೆ ಜೀವ ಉಳಿಯುತ್ತದೆ, ರಾಜ್ಯದ ಪಾಲೂ ಉಳಿಯುತ್ತದೆ. ದುರ್ಯೋಧನನ ಉತ್ತರ ಅನೇಕರಿಗೆ ಬಾಯಿಪಾಠವಾಗಿದೆ: ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’ (ನೆಲಕ್ಕಾಗಿ ಹೋರಾಡುವೆನೆಂದು ತಿಳಿದಿರೇ, ಛಲಕ್ಕಾಗಿ ಹೋರಾಡುವೆ). ಇಷ್ಟನ್ನೇ ಎತ್ತಿಕೊಂಡು ‘ಇದು ಅವನ ಗರ್ವ’ ಎಂದು ಬರೆದು ನಿಲ್ಲಿಸುವವರು ಪದ್ಯದ ಉಳಿದರ್ಧವನ್ನು ಕಳೆದುಕೊಳ್ಳುತ್ತಾರೆ. ಈ ನೆಲ ನನಗೆ ಪಾಳುನೆಲ, ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ಮತ್ತೆ ಕೂಡಿ ಬಾಳುವೆನೇ ಎಂದು ಅವನು ಮುಂದುವರಿಸುತ್ತಾನೆ. ಸಂಧಿಯನ್ನು ನಿರಾಕರಿಸುವ ಬಾಯಲ್ಲಿ ಗೆಳೆಯನನ್ನು ಕಳೆದುಕೊಂಡ ಸಂಕಟವೂ ಇದೆ. ನೆಲದಾಸೆಯ ಸ್ವಾರ್ಥ ಅಲ್ಲಿಗೆ ಸುಟ್ಟುಹೋಗಿದೆ, ಉಳಿದಿರುವುದು ಛಲ.

ಈ ಛಲವನ್ನು ದೋಷವೆನ್ನಬೇಕೋ ಗುಣವೆನ್ನಬೇಕೋ ಎಂಬ ಪ್ರಶ್ನೆಗೆ ವಿಮರ್ಶಕ ಉತ್ತರ ಕೊಡಲೇಬೇಕು. ಎರಡೂ ಹೌದು ಎಂದು ಜಾರಿಕೊಳ್ಳುವುದು ಸುಲಭ, ಆದರೆ ಅದರಿಂದ ಓದುಗನಿಗೆ ಏನೂ ದಕ್ಕುವುದಿಲ್ಲ. ಪಂಪನು ಸುಮಾರು 941ರಲ್ಲಿ ರಚಿಸಿದ, ಮಹಾಭಾರತದ ಕಥೆಯ ವಿಕ್ರಮಾರ್ಜುನವಿಜಯದ ಕೊನೆಯ ಭಾಗದಲ್ಲಿ ಯಾರು ಯಾವುದರಲ್ಲಿ ಮಿಗಿಲೆಂದು ಹೇಳುವಾಗ, ‘ಛಲದೊಳ್ ದುರ್ಯೋಧನಂ’ ಎಂದೇ ಪದ್ಯವನ್ನು ಆರಂಭಿಸುತ್ತಾನೆ. ಧರ್ಮರಾಯನ ಧರ್ಮ, ಅರ್ಜುನನ ಸಾಹಸ, ಕರ್ಣನ ನನ್ನಿ (ಸತ್ಯ) ಇವುಗಳ ಸಾಲಿನಲ್ಲಿಯೇ ದುರ್ಯೋಧನನ ಛಲವೂ ನಿಲ್ಲುತ್ತದೆ. ಆದ್ದರಿಂದ ನನ್ನ ತೀರ್ಮಾನ ಹೀಗಿದೆ: ಛಲವು ತನ್ನ ಮೈಮೇಲೆ ಬಂದದ್ದನ್ನು ತಾನೇ ಹೊರುವವರೆಗೆ ಗುಣ, ಅದರ ಬೆಲೆಯನ್ನು ಬೇರೆಯವರಿಂದ ತೆರಿಸತೊಡಗಿದಾಗ ದೋಷ. ಶರಶಯ್ಯೆಯ ಬಳಿ ನಿಂತ ದುರ್ಯೋಧನನ ಕಡೆ ತೆರಲು ಹೆಚ್ಚಿನವರು ಉಳಿದಿರಲಿಲ್ಲವಾದ್ದರಿಂದಲೇ ಆ ಛಲ ಅಲ್ಲಿ ಅಷ್ಟು ಎತ್ತರವಾಗಿ ಕಾಣುತ್ತದೆ.

ಆಯ್ಕೆಯ ಜಾಗ ಸಿಕ್ಕಮೇಲೆ ಅಲ್ಲಿನ ಪದಗಳನ್ನು ಒಂದೊಂದಾಗಿ ಹಿಡಿದು ನೋಡಬೇಕು. ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾಗ ದಡದಲ್ಲಿ ಭೀಮ ಗರ್ಜಿಸುವ ಸಂದರ್ಭವನ್ನು ತೆಗೆದುಕೊಳ್ಳಿ. ‘ನೀರೊಳಗಿರ್ದುಂ ಬೆಮರ್ದನುರಗಪತಾಕಂ’, ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದರೂ ಬೆವರಿದ, ಎನ್ನುತ್ತಾನೆ ರನ್ನ. ಈ ತುಂಡನ್ನು ಮಾತ್ರ ಓದಿದವರು ಅವನು ಹೆದರಿ ಬೆವರಿದನೆಂದು ಬರೆಯುವುದುಂಟು. ಅದೇ ಪದ್ಯದಲ್ಲಿ, ಬೆವರಿನ ಮಾತಿಗಿಂತ ಮುಂಚೆಯೇ, ಅವನನ್ನು ಕವಿ ‘ಕೋಪಾರುಣನೇತ್ರಂ’ ಎಂದು ಕರೆದಿದ್ದಾನೆ. ಕಣ್ಣು ಕೋಪದಿಂದ ಕೆಂಪಾಗಿದೆ, ಬೆವರೂ ಆ ಕೋಪದ್ದೇ. ನೀರಿನ ತಂಪಿಗೂ ಆರದ ಆ ಬಿಸಿಯೇ ಅವನ ಗರ್ವದ ನಿಜವಾದ ಚಿತ್ರ. ಅಡಗಿಕೊಳ್ಳುವುದು ಅವನ ಆಯ್ಕೆಯಾಗಿರಲಿಲ್ಲ, ಭೀಷ್ಮನ ಮಾತಿಗೆ ಕಟ್ಟುಬಿದ್ದು ಅವನು ನೀರಿಗಿಳಿದಿದ್ದ. ಒಂದು ಸಮಾಸಪದವನ್ನು ಬಿಟ್ಟರೆ ಪಾತ್ರವೇ ತಲೆಕೆಳಗಾಗುತ್ತದೆ. ಆದುದರಿಂದ ಉದ್ಧರಿಸುವ ಪದ್ಯವನ್ನು ಪೂರ್ತಿ ಓದದೆ ಅದರ ತುಂಡನ್ನು ಎಂದಿಗೂ ಬಳಸಬಾರದು.

ದೋಷದ ಮಾತನ್ನು ಆಡುತ್ತಿರುವವರು ಯಾರು ಎಂಬುದನ್ನೂ ಗುರುತು ಹಾಕಿಕೊಳ್ಳಬೇಕು. ವೈರಿಯ ಬಾಯಲ್ಲಿ ಬಂದ ನಿಂದೆಗೂ ಕವಿಯ ಮಾತಿಗೂ ತೂಕ ಬೇರೆ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ, ಪರಾಂಗನಾವಿರತಿಯ, ಅಂದರೆ ಪರಸ್ತ್ರೀಯರನ್ನು ಬಯಸೆನೆಂಬ, ವ್ರತ ತೊಟ್ಟಿದ್ದ ರಾವಣನ ಮನಸ್ಸು ಸೀತೆಯನ್ನು ಕಂಡು ಕದಡಿದಾಗ, ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’ ಎನ್ನುವವನು ಕವಿಯೇ. ಸಮುದ್ರವೂ ಒಮ್ಮೊಮ್ಮೆ ದಡ ಮೀರುತ್ತದೆಯಲ್ಲವೇ ಎಂಬ ಮಾತಿನಲ್ಲಿ ತಪ್ಪಿನ ಒಪ್ಪಿಗೆಯಿದೆ, ಜೊತೆಗೆ ರಾವಣನು ಸಮುದ್ರದಷ್ಟು ದೊಡ್ಡವನೆಂಬ ಗೌರವವೂ ಇದೆ. ಮುಂದೆ ಅವನ ಮನಸ್ಸು ತಿರುಗುತ್ತದೆ, ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಆದರೆ ಈಗಲೇ ಕೊಟ್ಟರೆ ಸೋತು ಕೊಟ್ಟನೆಂದು ಲೋಕ ಆಡಿಕೊಂಡೀತು ಎಂದು, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ತಂದ ಮೇಲೆ ಕೊಡುವೆನೆನ್ನುತ್ತಾನೆ. ಕಾಮ ಹೋಯಿತು, ಗರ್ವ ಉಳಿಯಿತು, ಆ ಗರ್ವಕ್ಕಾಗಿ ಅವನು ಲಕ್ಷ್ಮಣನ ಕೈಯಲ್ಲಿ ಸತ್ತ. ಪಶ್ಚಾತ್ತಾಪದ ಒಳಗೂ ಗರ್ವ ಹೇಗೆ ಮನೆಮಾಡಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಸ್ವಾರ್ಥವನ್ನು ಗುರುತಿಸುವುದು ಗರ್ವವನ್ನು ಗುರುತಿಸುವುದಕ್ಕಿಂತ ಕಷ್ಟ. ಗರ್ವ ತಾನೇ ಬಾಯಿಬಿಟ್ಟು ಹೇಳಿಕೊಳ್ಳುತ್ತದೆ, ಸ್ವಾರ್ಥವು ಪ್ರೀತಿಯ ಭಾಷೆಯನ್ನು ಎರವಲು ಪಡೆಯುತ್ತದೆ. ಜನ್ನನ ಅನಂತನಾಥಪುರಾಣದ ಚಂಡಶಾಸನನು ಗೆಳೆಯ ವಸುಷೇಣನ ಮನೆಗೆ ಬಂದು, ಅವನ ಹೆಂಡತಿ ಸುನಂದೆಯನ್ನು ಕಂಡು ಮೋಹಿಸಿ, ಅವಳನ್ನು ಹೊತ್ತೊಯ್ಯುತ್ತಾನೆ. ಗಂಡ ಸತ್ತನೆಂದು ನಂಬಿಸಲು ಅವನದೇ ಎಂಬಂತೆ ಕಾಣುವ ಕೃತಕ ತಲೆಯನ್ನು ಅವಳಿಗೆ ತೋರಿಸಲಾಗುತ್ತದೆ, ಅದನ್ನು ಕಂಡ ಸುನಂದೆ ಪ್ರಾಣ ಬಿಡುತ್ತಾಳೆ. ಕೊನೆಗೆ ಚಂಡಶಾಸನನೂ ಅವಳ ಶವದೊಡನೆ ಚಿತೆಗೇರುತ್ತಾನೆ. ಜೀವವನ್ನೇ ಕೊಟ್ಟವನನ್ನು ಸ್ವಾರ್ಥಿ ಎನ್ನಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಂಥಲ್ಲಿ ಮಾಡಬೇಕಾದ ಕೆಲಸವೆಂದರೆ ಎದುರಿನ ಪಾತ್ರಕ್ಕೆ ಏನು ಬೇಕಾಗಿತ್ತು ಎಂದು ಬೇರೊಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಸುನಂದೆಗೆ ಬೇಕಾಗಿದ್ದವನು ವಸುಷೇಣ. ಚಂಡಶಾಸನ ಬದುಕಿರುವಾಗಲೂ ಚಿತೆಯೇರುವಾಗಲೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಸತ್ತವಳ ಪಕ್ಕದ ಜಾಗವನ್ನೂ ಕೇಳದೆಯೇ ತೆಗೆದುಕೊಂಡ. ಅವನ ಸಂಕಟ ನಿಜ, ಅವನ ಸ್ವಾರ್ಥವೂ ನಿಜ.

ಕೊಲೆಯ ವಿಷಯಕ್ಕೆ ಬಂದಾಗ ಯೋಚಿಸಿದ ಮನಸ್ಸು, ಒಪ್ಪಿದ ಬಾಯಿ, ಎತ್ತಿದ ಕೈ ಇವುಗಳನ್ನು ಬಿಡಿಸಿ ನೋಡಬೇಕು. ಜನ್ನನ ಯಶೋಧರಚರಿತೆ ಇದಕ್ಕೆ ಹೇಳಿ ಮಾಡಿಸಿದ ಕೃತಿ. 1209ರಲ್ಲಿ ರಚಿತವಾದ, ಬಹುಪಾಲು ಕಂದಪದ್ಯಗಳಲ್ಲಿರುವ ಈ ಕಾವ್ಯದಲ್ಲಿ ಯಶೋಧರನು ಹೆಂಡತಿ ಅಮೃತಮತಿಯನ್ನೂ ಅವಳ ಪ್ರಿಯಕರನನ್ನೂ ಕತ್ತರಿಸಲು ಕತ್ತಿಯೆತ್ತಿ, ತಡೆದುಕೊಂಡು ಹಿಂದಿರುಗುತ್ತಾನೆ. ಆದರೆ ತಾಯಿ ಚಂದ್ರಮತಿಯ ಒತ್ತಾಯಕ್ಕೆ, ಪ್ರಾಣಿಬಲಿಯ ಬದಲಿಗೆ, ಹಿಟ್ಟಿನ ಕೋಳಿಯೊಂದನ್ನು ದೇವಿಯ ಮುಂದೆ ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ರಕ್ತವಿಲ್ಲ, ಜೀವವಿಲ್ಲ, ಆದರೂ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪಕ್ಕಾಗಿ ತಾಯಿಮಗ ನವಿಲೂ ನಾಯಿಯೂ ಆಗಿ ಹುಟ್ಟುವುದರಿಂದ ಮೊದಲಾಗಿ ಜನ್ಮಜನ್ಮಾಂತರ ಅಲೆಯಬೇಕಾಗುತ್ತದೆ. ಇತ್ತ ಗಂಡನಿಗೂ ಅತ್ತೆಗೂ ವಿಷವಿಕ್ಕಿ ನಿಜವಾಗಿ ಕೊಂದವಳು ಅಮೃತಮತಿ. ಇಬ್ಬರನ್ನೂ ‘ಕೊಲೆಗಾರರು’ ಎಂದು ಒಂದೇ ಮಾತಿನಲ್ಲಿ ಸೇರಿಸಿದರೆ ಜನ್ನನು ಯಾಕೆ ಹಿಟ್ಟಿನ ಕೋಳಿಯ ಸುತ್ತ ಕಥೆ ಕಟ್ಟಿದನೆಂಬುದೇ ತಿಳಿಯದೆ ಹೋಗುತ್ತದೆ. ಈ ಕಾವ್ಯದ ಹಿಂದೆ ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಜೈನದೃಷ್ಟಿಯಿದೆ. ಓದುಗನು ಅದನ್ನು ಒಪ್ಪಬೇಕಾಗಿಲ್ಲ, ಅರಿಯಲೇಬೇಕು.

ಬರವಣಿಗೆಗೆ ಇಳಿಯುವಾಗ ದೋಷದ ಹೆಸರಿನಿಂದ ಆರಂಭಿಸದೆ ದೃಶ್ಯದಿಂದ ಆರಂಭಿಸುವುದು ಒಳ್ಳೆಯದು. ಮೊದಲ ಕರಡು ಮುಗಿದ ಮೇಲೆ ‘ಅಹಂಕಾರಿ’, ‘ಸ್ವಾರ್ಥಿ’, ‘ಕ್ರೂರಿ’ ಎಂಬ ಪದಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಓದಿ ನೋಡಬೇಕು. ವಾದ ನಿಂತರೆ ಬೇಕಾದಲ್ಲಿ ಒಂದೆರಡನ್ನು ಹಿಂದಕ್ಕೆ ಸೇರಿಸಿಕೊಳ್ಳಬಹುದು, ಕುಸಿದರೆ ಮತ್ತೆ ಪದ್ಯಕ್ಕೆ ಹೋಗಬೇಕು.

ಹಾಗೆ ಹೋಗುವವರು ಪಂಪನ ಒಂದು ದೃಶ್ಯವನ್ನು ಬಿಡದೆ ಓದಲಿ. ತೊಡೆ ಮುರಿದು ಬಿದ್ದಿರುವ ದುರ್ಯೋಧನನ ಬಳಿಗೆ ಅಶ್ವತ್ಥಾಮನು ಇರುಳಲ್ಲಿ ಕಡಿದ ತಲೆಗಳನ್ನು ತರುತ್ತಾನೆ. ಪಾಂಡವರ ತಲೆಗಳೆಂದು ಅವನು ತಂದದ್ದು ಅವರ ಮಕ್ಕಳ ತಲೆಗಳು. ಸಾಯುತ್ತಿರುವ ದುರ್ಯೋಧನ ಅವನ್ನು ನೋಡಿ ಗುರುತಿಸಿ, ಕೊಳದಿಂದ ಎಳೆಯ ಕಮಲಗಳನ್ನು ಕಿತ್ತು ತಂದಂತೆ ತಂದೆಯಲ್ಲ ಎಂದು ಮರುಗಿ, ‘ಬಾಳಕವಧದೋಷಮೆಂತು ನೀಂ ನೀಗಿದಪಯ್’ (ಮಕ್ಕಳನ್ನು ಕೊಂದ ದೋಷವನ್ನು ನೀನು ಹೇಗೆ ಕಳೆದುಕೊಳ್ಳುವೆ) ಎಂದು ಕೇಳುತ್ತಾನೆ. ಇಲ್ಲಿ ‘ದೋಷ’ ಎಂಬ ಪದ ಬಂದಿರುವುದು ಧರ್ಮರಾಯನ ಬಾಯಲ್ಲಲ್ಲ, ಕೃಷ್ಣನ ಬಾಯಲ್ಲಲ್ಲ. ಸಂಧಿಯನ್ನು ಒಲ್ಲೆನೆಂದು ಇಡೀ ಯುದ್ಧವನ್ನು ನಡೆಸಿದವನ ಬಾಯಲ್ಲಿ, ತನಗಾಗಿಯೇ ಆ ಕೊಲೆ ಮಾಡಿ ಬಂದವನ ಎದುರಿನಲ್ಲಿ.