ಡಿಸ್ಕಿಗೆ ಅಲ್ಯೂಮಿನಿಯಂ ಟೋಪಿ

ಮೊದಲು ಟೋಪಿ ಬಿದ್ದದ್ದು ನನಗೇ. ಹಳೆಯ ಸ್ಕೋಡಾ ಆಕ್ಟೇವಿಯಾ ಕಾರಿಗೆಂದು, ‘ಹಗುರ’ ಎನ್ನುವ ಮಾತು ನಂಬಿ, ತೂತು ಕೊರೆದ ಮುಂದಿನ ಬ್ರೇಕ್ ಡಿಸ್ಕ್ ಜೋಡಿಗೆ ಹದಿನೇಳು ಸಾವಿರ ಸುರಿದೆ. ಪೆಟ್ಟಿಗೆ ಬಿಚ್ಚಿ ಗುಜರಿ ಅಂಗಡಿಯ ತಕ್ಕಡಿಯ ಮೇಲಿಟ್ಟರೆ ಒಂದೊಂದೂ 8.2 ಕಿಲೋ. ಕಂಪನಿಯ 312 ಮಿ.ಮೀ. ಡಿಸ್ಕ್ ಅಲ್ಲೇ 8.3 ತೂಗಿತ್ತು. ಎರಡೂ ಸೇರಿ ಇನ್ನೂರು ಗ್ರಾಂಗೆ ಹದಿನೇಳು ಸಾವಿರ! ಸಾಲದ್ದಕ್ಕೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಎರಡು ದಿನ ಓಡಿಸುವಷ್ಟರಲ್ಲಿ ತೂತಿನಿಂದ ತೂತಿಗೆ ಕೂದಲೆಳೆಯಂಥ ಬಿರುಕು. ಕೊನೆಗೆ ಅದೇ ಗುಜರಿಗೆ ಕೊಟ್ಟೆ.

ಬ್ರೇಕ್ ಪ್ಯಾಡ್ ಉಜ್ಜುವ ಹೊರಗಿನ ಉಂಗುರವನ್ನು ಹಗುರ ಮಾಡಿದರೆ ಬಿಸಿ ಹಿಡಿಯಲು ಏನೂ ಉಳಿಯುವುದಿಲ್ಲ. ತೂಕ ತೆಗೆಯಬೇಕಾದದ್ದು ನಡುವಿನ ಟೋಪಿಯಲ್ಲಿ, ಅಂದರೆ ಉಂಗುರವನ್ನು ಚಕ್ರದ ನಡುವಿಗೆ ಸೇರಿಸುವ ಟೋಪಿಯಾಕಾರದ ಭಾಗದಲ್ಲಿ. ಬರೀ ಉಂಗುರಗಳನ್ನು ಹೊರಗಿನಿಂದ ತರಿಸಿದೆ. ಸುಂಕ ಸೇರಿ ಮೂವತ್ತು ಸಾವಿರದ ಆಸುಪಾಸು. ಟೋಪಿಯನ್ನು ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಅಲ್ಯೂಮಿನಿಯಂ ದಿಮ್ಮಿಯಿಂದ ಕಡೆಸಿದೆ. ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ನೋಡಿ, “ಸರ್, ಇದು ಪಾತ್ರೆ ಅಂಗಡಿಯ ಸಾಮಾನು, ಘಟ್ಟ ಇಳಿಯುವಾಗ ಕರಗುತ್ತದೆ” ಎಂದರು.

ಕರಗಲಿಲ್ಲ, ನಡುಗಿತು. ಮೊದಲ ಜೋಡಿಯನ್ನು ಓಲಾಟ ಅಳೆಯುವ ಡಯಲ್ ಗೇಜ್‌ಗೆ ಹಿಡಿದರೆ 0.12 ಮಿ.ಮೀ. ಓಲಾಟ, ಎಂಬತ್ತು ದಾಟಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಕೈಗೆ ಸಿಗುತ್ತಿರಲಿಲ್ಲ. ಎರಡನೆಯ ಜೋಡಿ ಅಳತೆಗೆ ಸರಿಯಾಗಿತ್ತು, ತಪ್ಪು ನನ್ನದು: ಉಂಗುರವನ್ನು ಟೋಪಿಗೆ ಸೇರಿಸುವ ಬೋಲ್ಟ್‌ಗಳನ್ನು ಕಚ್ಚಿ ಹಿಡಿಯುವಂತೆ ಬಿಗಿದುಬಿಟ್ಟೆ. ಕಾದ ಉಂಗುರ ಹಿಗ್ಗಲು ಜಾಗವಿಲ್ಲದೆ ತಟ್ಟೆಯಂತೆ ಬಾಗಿತು. ಒಂದು ಉಂಗುರ, ಎರಡು ಟೋಪಿ ಹಾಳು. ಇನ್ನೂ ಇಪ್ಪತ್ತೆರಡು ಸಾವಿರ. ಮನೆಯಲ್ಲಿ ಹನ್ನೆರಡು ಎಂದು ಹೇಳಿದ್ದೇನೆ.

ಮೂರನೆಯದರಲ್ಲಿ ಉಂಗುರ ಅಷ್ಟಿಷ್ಟು ಸರಿದಾಡುವಂತೆ ಬೋಲ್ಟ್‌ಗಳಿಗೆ ಬಾಬಿನ್ ಎಂಬ ಪುಟ್ಟ ಲೋಹದ ಬುಶ್ ಕೂರಿಸಿದೆ. ಬಿಟ್ಟ ಸಂದು ಎಷ್ಟೆಂದು ಮಾತ್ರ ಹೇಳುವುದಿಲ್ಲ. ಕಾಸು ಕಳೆದುಕೊಂಡು ಕಲಿತದ್ದು. ಉಂಗುರ 5.3, ಟೋಪಿ 0.85, ಬೋಲ್ಟ್ ಬಾಬಿನ್ ಸೇರಿ 0.35. ಒಟ್ಟು ಆರೂವರೆ ಕಿಲೋ, ಅಂದರೆ ಒಂದು ಚಕ್ರಕ್ಕೆ 1.8 ಕಿಲೋ ಇಳಿಕೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಿದೆ. ಅಂಚಿಗೆ ಬಳಿದಿದ್ದ ಬಿಸಿ ತೋರಿಸುವ ಬಣ್ಣಗಳಲ್ಲಿ 430 ಡಿಗ್ರಿಯ ಹಸಿರು ಬೆಳ್ಳಗಾಗಿತ್ತು, 560ರ ಕಿತ್ತಳೆ ಹಾಗೆಯೇ ಇತ್ತು. ಅಂದರೆ ಬಿಸಿ ಇವೆರಡರ ನಡುವೆ. ಮೆಕ್ಯಾನಿಕ್ ಸಾಹೇಬರು ಈಗ ಬಂದವರಿಗೆಲ್ಲ ನನ್ನ ಕಾರಿನ ಚಕ್ರ ಬಿಚ್ಚಿ ತೋರಿಸುತ್ತಾರೆ.

ಮಧ್ಯೆ ಟೈಟಾನಿಯಂ ಬೋಲ್ಟ್ ಹುಚ್ಚೂ ಹಿಡಿದಿತ್ತು. ಒಂಬತ್ತು ಸಾವಿರ ಕೊಟ್ಟು ಉಳಿಸಿದ್ದು ನೂರಿಪ್ಪತ್ತು ಗ್ರಾಂ. ಬೆಳಗಿನ ಎರಡು ಮೂರು ಇಡ್ಲಿ ಬಿಟ್ಟಿದ್ದರೆ ಸಾಕಿತ್ತು. ಇನ್ನೊಂದು ಮಾತು: ಕಾರು ಚಿಗರೆಯಂತೆ ಜಿಗಿಯುತ್ತದೆ ಎಂದುಕೊಳ್ಳಬೇಡಿ. ಟೋಪಿ ಇರುವುದು ಅಚ್ಚಿನ ಪಕ್ಕದಲ್ಲಿ, ತಿರುಗುವ ತೂಕ ಕಡಿಮೆಯಾದದ್ದು ವೇಗದಲ್ಲಿ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ಕೆಟ್ಟ ರಸ್ತೆಯಲ್ಲಿ, ಚಕ್ರ ನೆಲ ಬಿಡದೆ ಕೂರುವುದರಲ್ಲಿ.

ಉಳಿದ ತಲೆನೋವು ಒಂದೇ, ಉಬ್ಬು ದಾಟುವಾಗ ಡಿಸ್ಕ್ ‘ಟಣ್’ ಎನ್ನುತ್ತದೆ. ಸ್ಪ್ರಿಂಗ್ ವಾಷರ್ ಹಾಕಿದ ಮೇಲೆ ಎಡಗಡೆಯದು ಸುಮ್ಮನಾಗಿದೆ.